ವಾಲ್ವ್ ಆಂಪ್ಲಿಫೈಯರ್ ರಿಪೇರಿಯಲ್ಲಿ ಬಿಸಿಯನ್ನು ನಿಭಾಯಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಟ್ಟದಿಂದ ಇಳಿಸಿದ ಹಳೇ ವಾಲ್ವ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್) ಆಂಪ್ಲಿಫೈಯರಿಗೆ ಹೊಸ ಕೆಪಾಸಿಟರ್ ಹಾಕಿದ್ದಾಯಿತು, ಗಣಪತಿ ಹಬ್ಬಕ್ಕೆ ಚೆನ್ನಾಗಿಯೇ ಹಾಡಿತು. ಯುಗಾದಿ ಹೊತ್ತಿಗೆ ಗುಂಯ್ ಎನ್ನುವ ಹಮ್ ಶುರು. ಬಿಚ್ಚಿ ನೋಡಿದರೆ ಹೊಸ ಕೆಪಾಸಿಟರಿನ ತಲೆಯೇ ಉಬ್ಬಿದೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಗೆಳೆಯರು ತರುವ ದೂರು ಬಹುಪಾಲು ಇದೇ, ಅದರ ಬೆನ್ನಿಗೆ ಬರುವ ಪ್ರಶ್ನೆಯೂ ಒಂದೇ: ‘ಫ್ಯಾನ್ ಹಾಕಿಬಿಡಲಾ?’

ಫ್ಯಾನ್ ಕೊನೆಯ ಮಾತು. ವಾಲ್ವ್ ಬಿಸಿಯಾಗುವುದು ಸಹಜ, ಬಿಸಿಯಾಗದಿದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಆದರೆ ಕೆಪಾಸಿಟರನ್ನು ಕೊಲ್ಲುವ ಬಿಸಿಯಲ್ಲಿ ದೊಡ್ಡ ಪಾಲು ಹುಟ್ಟುವುದು ತಪ್ಪು ಮೈನ್ಸ್ ಟ್ಯಾಪ್ (ಮನೆಗೆ ಬರುವ ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರನ್ನು ಹೊಂದಿಸುವ ಕವಲು), ಸೋರುವ ಕಪ್ಲಿಂಗ್ ಕೆಪಾಸಿಟರ್ (ಒಂದು ವಾಲ್ವಿನಿಂದ ಮುಂದಿನದಕ್ಕೆ ಧ್ವನಿಯ ಸಂಕೇತ ದಾಟಿಸುವುದು), ಕೆಟ್ಟ ಬಯಾಸ್ (ವಾಲ್ವ್ ಎಷ್ಟು ಕರೆಂಟ್ ಎಳೆಯಬೇಕೆಂಬ ಹೊಂದಿಕೆ) ಈ ಮೂರರಿಂದ. ಮೊದಲು ಅದನ್ನು ಹುಟ್ಟುವಲ್ಲೇ ನಿಲ್ಲಿಸಬೇಕು. ಆಮೇಲೆ, ಹೇಗೂ ಉಳಿಯುವ ಬಿಸಿಯಿಂದ ಸೂಕ್ಷ್ಮ ಭಾಗಗಳನ್ನು ದೂರ ಇಡಬೇಕು. ಗಾಳಿಯ ವಿಚಾರ ಇವೆರಡೂ ಮುಗಿದ ಮೇಲೆ. ಈ ಕ್ರಮ ಹಿಂದುಮುಂದಾದರೆ ಎಷ್ಟು ಸಲ ಕೆಪಾಸಿಟರ್ ಬದಲಿಸಿದರೂ ಅಷ್ಟೆ.

ಇಲ್ಲಿ ಹೇಳುವುದು ಪವರ್ ಟ್ರಾನ್ಸ್‌ಫಾರ್ಮರ್ ಇರುವ, ಔಟ್‌ಪುಟ್‌ನಲ್ಲಿ ಇಎಲ್ 84, 6ವಿ6, ಇಎಲ್ 34 ಅಥವಾ 6ಎಲ್6 ವಾಲ್ವ್ ಇರುವ ಸೆಟ್ಟುಗಳಿಗೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟಿನಲ್ಲಿ ಚಾಸಿಸ್ಸೇ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆ) ಲೈವ್ ಆಗಿರಬಹುದು. ಅದಕ್ಕೆ ಕೈ ಹಾಕಬೇಡಿ, ಬಲ್ಲವರಿಗೆ ಕೊಡಿ.

## ಬೇಕಾಗುವ ಸಾಮಾನು

- 1000 ವೋಲ್ಟ್ ಡಿಸಿ ಅಳೆಯಬಲ್ಲ ಮಲ್ಟಿಮೀಟರ್, ಮೊಸಳೆ ಕ್ಲಿಪ್ಪಿನ ಪ್ರೋಬ್ ಸಮೇತ
- ಸೀರೀಸ್ ಬೋರ್ಡ್ (ಸೆಟ್ಟಿಗೆ ಹೋಗುವ ಕರೆಂಟನ್ನು ಬಲ್ಬಿನ ಮೂಲಕ ಹಾಯಿಸುವ ಹಲಗೆ), ಅದಕ್ಕೆ 60 ಮತ್ತು 100 ವ್ಯಾಟಿನ ತಂತಿ ಬಲ್ಬು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು
- ಡಿಸ್ಚಾರ್ಜ್ ಮಾಡಲು 4.7 ಕಿಲೋಓಮ್, 10 ವ್ಯಾಟಿನ ರೆಸಿಸ್ಟರ್. ಎರಡೂ ತುದಿಗೆ ಇನ್ಸುಲೇಟೆಡ್ ಕ್ಲಿಪ್ ಇರಲಿ
- 60 ವ್ಯಾಟಿನ ಸೋಲ್ಡರಿಂಗ್ ಐರನ್, 63/37 ಸೋಲ್ಡರ್
- ಇನ್‌ಫ್ರಾರೆಡ್ ಥರ್ಮಾಮೀಟರ್ ಮತ್ತು ಮಾಸ್ಕಿಂಗ್ ಟೇಪ್
- ಟೆಫ್ಲಾನ್ ವೈರ್, ಫೈಬರ್‌ಗ್ಲಾಸ್ ಸ್ಲೀವ್

ಫೈಬರ್‌ಗ್ಲಾಸ್ ಸ್ಲೀವನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹುಡುಕಿ ಸುಸ್ತಾಗಬೇಡಿ. ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಮಾಡುವವರ ಬಳಿ ಎಲ್ಲ ಅಳತೆಯದೂ ಇರುತ್ತದೆ, ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಅವರ ಹತ್ತಿರ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಕೂಡ ಇರುತ್ತದೆ, ಅದೂ ಬೇಕಾಗುತ್ತದೆ.

ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯಲು ತಂದ ಥರ್ಮಾಮೀಟರ್ ದೇಹದ ಮೋಡಿನಲ್ಲಿ 42–43 ಡಿಗ್ರಿ ಆಚೆ ಏನನ್ನೂ ತೋರಿಸದು. ವಸ್ತುವಿನ ಮೇಲ್ಮೈ ಅಳೆಯುವ ಮೋಡ್ ಅದರಲ್ಲಿ ಇದೆಯೇ ನೋಡಿಕೊಳ್ಳಿ.

## ಕೈ ಹಾಕುವ ಮುನ್ನ

ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್ ಅಥವಾ ಡಯೋಡ್) ದಾಟಿದ ಎಚ್‌ಟಿ, ಅಂದರೆ ಹೈ ಟೆನ್ಷನ್ ಸಾಲಿನಲ್ಲಿ 250ರಿಂದ 400 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿದಿರುತ್ತದೆ. ಪ್ರತಿ ಸಲವೂ ಪ್ಲಗ್ ಕೀಳಿ, ಡಿಸ್ಚಾರ್ಜ್ ರೆಸಿಸ್ಟರನ್ನು ಎಚ್‌ಟಿಗೂ ಚಾಸಿಸ್‌ಗೂ ಸಿಕ್ಕಿಸಿ, ಮೀಟರಿನಲ್ಲಿ 10 ವೋಲ್ಟಿಗಿಂತ ಕೆಳಗೆ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಮುಟ್ಟಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ‘ಚಟ್’ ಅನ್ನಿಸುವ ಚಾಳಿ ಬಿಡಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಹಾಗಾಗಿ ಒಣ ಮರದ ಹಲಗೆಯ ಮೇಲೆ ನಿಂತು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಅಳೆಯಿರಿ. ಮೂರು ಪಿನ್ನಿನ ಪ್ಲಗ್ಗೂ ನಿಜವಾದ ಅರ್ಥಿಂಗೂ ಇಲ್ಲದ ಕಡೆ ಈ ಕೆಲಸ ಬೇಡ.

ರೆಕ್ಟಿಫೈಯರ್ ಅಥವಾ ಡ್ರಾಪರ್ ರೆಸಿಸ್ಟರಿನ (ವೋಲ್ಟೇಜ್ ಇಳಿಸುವುದು) ಹತ್ತಿರ ಬೂದು-ಬಿಳಿ ನಾರಿನ ಹಾಳೆ ಅಂಟಿಸಿದ್ದರೆ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಕೆರೆಯಬೇಡಿ, ಬ್ರಷ್ ಹಾಕಬೇಡಿ, ಊದಬೇಡಿ. ಇದ್ದಲ್ಲೇ ಬಿಡಿ.

## ಹಂತ 1: ಮೊದಲು ಬಿಸಿ ಕೊಟ್ಟು ಒಣಗಿಸಿ

ಬಿಸಿ ಕಡಿಮೆ ಮಾಡುವ ಕೆಲಸ ಬಿಸಿ ಕೊಡುವುದರಿಂದ ಶುರುವಾಗುತ್ತದೆ. ಮಲೆನಾಡಿನ ನಾಲ್ಕು ತಿಂಗಳ ಮಳೆಯನ್ನು ವರ್ಷಗಟ್ಟಲೆ ಕುಡಿದ ಟ್ರಾನ್ಸ್‌ಫಾರ್ಮರಿನ ಕಾಗದಕ್ಕೆ ನೇರ ಕರೆಂಟ್ ಕೊಟ್ಟರೆ ಒಳಗೇ ಸೋರಿ, ಕಾದು, ಶಾರ್ಟ್ ಆಗಬಹುದು.

ಕುಂಬಾರ ಹುಳದ ಮಣ್ಣುಗೂಡು, ಹಲ್ಲಿ ಮೊಟ್ಟೆ, ಇಲಿ ತಂದಿಟ್ಟ ನಾರು ಎಲ್ಲ ತೆಗೆಯಿರಿ. ಗಾಳಿಕಿಂಡಿ ಮುಚ್ಚುವುದೇ ಇವು. ಅಡುಗೆಮನೆಯ ಅಟ್ಟದಲ್ಲಿದ್ದ ಸೆಟ್ಟಾದರೆ ವಾಲ್ವ್ ಸಾಕೆಟ್ಟಿನ ಪಿನ್ನುಗಳ ನಡುವೆ ಹೊಗೆಯ ಜಿಡ್ಡು ಕೂತಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳೇ ಹಲ್ಲುಬ್ರಷ್ಷಿನಲ್ಲಿ ಉಜ್ಜಿ. ಅದು ಪೂರ್ತಿ ಆರುವವರೆಗೆ ಯಾವ ಬಲ್ಬನ್ನೂ ಹತ್ತಿರ ತರಬೇಡಿ.

ಆಮೇಲೆ ದೊಡ್ಡ ರಟ್ಟಿನ ಡಬ್ಬಿಯಲ್ಲಿ ಸೆಟ್ಟಿಟ್ಟು, ಮೂಲೆಯಲ್ಲಿ 60 ವ್ಯಾಟಿನ ಬಲ್ಬು ಹಚ್ಚಿ, ಮೇಲೊಂದು ಕಿಂಡಿ ಬಿಡಿ. ಬಲ್ಬು ರಟ್ಟಿಗೂ ವೈರಿಗೂ ತಾಗದಿರಲಿ, ನೀವು ಮನೆಯಲ್ಲಿ ಎದ್ದಿರುವಾಗ ಮಾತ್ರ ಉರಿಯಲಿ. ಒಳಗಿನ ಬಿಸಿ 45–50 ಡಿಗ್ರಿ ಸಾಕು. ಎರಡು ಮೂರು ಹಗಲು ಹೀಗೆ ಇಡಿ. ಒಲೆಯ ಪಕ್ಕ ಅಥವಾ ಅಡಿಕೆ ಡ್ರೈಯರಿನಲ್ಲಿ ಇಡುವುದು ಬೇಡ, ಅಲ್ಲಿ ಬಿಸಿ ಏಕಪ್ರಕಾರ ಇರುವುದಿಲ್ಲ, ಟ್ರಾನ್ಸ್‌ಫಾರ್ಮರಿನ ಮೇಣ ಕರಗಿ ಇಳಿಯುತ್ತದೆ.

ಒಣಗಿದ ಮೇಲೆ 500 ವೋಲ್ಟಿನ ಮೆಗ್ಗರಿನಲ್ಲಿ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೂ (ಮೈನ್ಸ್ ಸೇರುವ ಸುರುಳಿ) ಚಾಸಿಸ್‌ಗೂ ನಡುವೆ ಅಳೆಸಿ. ಮೈನ್ಸಿನಿಂದ ಚಾಸಿಸ್‌ಗೆ ಹಾಕಿದ ಹಳೇ ಕೆಪಾಸಿಟರ್ ಇದ್ದರೆ ಮೊದಲು ಅದನ್ನು ತೆಗೆಯಿರಿ. 20 ಮೆಗಾಓಮ್ ದಾಟಿದರೆ ನೆಮ್ಮದಿ. 2ಕ್ಕಿಂತ ಕಡಿಮೆ ಇದ್ದರೆ ಮತ್ತೆ ಡಬ್ಬಿಗೆ.

## ಹಂತ 2: ಟ್ರಾನ್ಸ್‌ಫಾರ್ಮರ್ ಒಂದೇ, ಮತ್ತೆ ಟ್ಯಾಪ್

ರೆಕ್ಟಿಫೈಯರ್ ಸಮೇತ ಎಲ್ಲ ವಾಲ್ವ್ ಕಿತ್ತಿಟ್ಟು, 60 ವ್ಯಾಟಿನ ಸೀರೀಸ್ ಬಲ್ಬಿನ ಮೂಲಕ ಕರೆಂಟ್ ಕೊಡಿ. ರೆಕ್ಟಿಫೈಯರ್ ಡಯೋಡಿನದಾಗಿದ್ದರೆ ಎಚ್‌ಟಿ ವೈಂಡಿಂಗ್ ಬಿಚ್ಚಿ ತುದಿಗೆ ಸ್ಲೀವ್ ಹಾಕಿ. ಬಲ್ಬು ಒಮ್ಮೆ ಮಿನುಗಿ ಆರಬೇಕು. ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಯಾವುದೋ ವೈಂಡಿಂಗ್ ಶಾರ್ಟ್ ಅಥವಾ ಹೀಟರ್ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ) ವೈರಿಂಗ್ ಎಲ್ಲೋ ಕೂಡಿಕೊಂಡಿದೆ, ಮುಂದೆ ಹೋಗಬೇಡಿ. ಆರಿದರೆ ನೇರ ಮೈನ್ಸಿನಲ್ಲಿ ಒಂದು ಗಂಟೆ ಇಡಿ. ಲೋಡ್ ಇಲ್ಲದ ಟ್ರಾನ್ಸ್‌ಫಾರ್ಮರ್ ಉಗುರುಬೆಚ್ಚಗಾಗಬಹುದು, ಅಷ್ಟೇ.

ಇನ್ನು ಬಹಳ ಮಂದಿ ನೋಡದೇ ಬಿಡುವ ಜಾಗ. ಹಳೇ ಸೆಟ್ಟಿನ ಹಿಂಭಾಗದಲ್ಲಿ 200, 220, 245 ಎಂಬ ಥರದ ಗುರುತಿರುವ ವೋಲ್ಟೇಜ್ ಸೆಲೆಕ್ಟರ್ ಇರುತ್ತದೆ. ಅದು 220ರಲ್ಲಿ ಕೂತಿದ್ದು, ನಿಮ್ಮ ಮನೆಯಲ್ಲಿ 245 ಬರುತ್ತಿದ್ದರೆ 6.3 ವೋಲ್ಟಿನ ಹೀಟರಿಗೆ 7 ವೋಲ್ಟ್ ಹೋಗುತ್ತದೆ. ಒಪ್ಪಬಹುದಾದ ಮಿತಿ ಶೇ 10, ಅಂದರೆ 5.7ರಿಂದ 6.9. ಎಚ್‌ಟಿ ಕೂಡ ಅದೇ ಪ್ರಮಾಣದಲ್ಲಿ ಏರುವುದರಿಂದ ಒಟ್ಟು ಬಿಸಿ ಕಾಲು ಭಾಗದಷ್ಟು ಹೆಚ್ಚುತ್ತದೆ. ಯಾವ ಫ್ಯಾನೂ ಅದನ್ನು ಸುಲಭಕ್ಕೆ ತೆಗೆಯಲಾರದು, ಒಂದು ಸ್ಕ್ರೂ ತಿರುಗಿಸಿದರೆ ಹೋಗುತ್ತದೆ.

ಹಗಲು ಪಂಪ್‌ಸೆಟ್ ಓಡುವಾಗ ಅಳೆದು ‘ಇನ್ನೂರೇ ಬರ್ತದೆ’ ಎಂದು ಕಡಿಮೆ ಟ್ಯಾಪಿಗೆ ಹಾಕುವವರಿದ್ದಾರೆ. ರಾತ್ರಿ ಪಂಪು ನಿಂತ ಮೇಲೆ ಅಳೆಯಿರಿ, ಆ ಅಂಕಿಗೆ ಹೊಂದುವ ಟ್ಯಾಪ್ ಹಾಕಿ. ಏರಿಳಿತ ತೀರಾ ಹೆಚ್ಚಿರುವ ಲೈನಾದರೆ ಸ್ಟೆಬಿಲೈಸರ್ ಇಲ್ಲದೆ ಉಪಾಯವಿಲ್ಲ.

## ಹಂತ 3: ಹೊಸ ಕೆಪಾಸಿಟರ್ ತಾತ್ಕಾಲಿಕವಾಗಿ ಮಾತ್ರ

ಎಚ್‌ಟಿ ಕೆಪಾಸಿಟರ್ ಹಳೆಯದನ್ನೇ ಇಟ್ಟು ಕರೆಂಟ್ ಕೊಡಬೇಡಿ, ಹೊಸದು ಬೇಕು. ಆದರೆ ಈಗಲೇ ಅಂದವಾಗಿ ಕೂರಿಸಿಬಿಡಬೇಡಿ. ಯಾವ ರೆಸಿಸ್ಟರ್ ಎಷ್ಟು ಕಾಯುತ್ತದೆ ಎಂಬುದು ಇನ್ನೂ ನಿಮಗೆ ಗೊತ್ತಿಲ್ಲ. ಕಾಲುಗಳಿಗೆ ಸ್ಲೀವ್ ಹಾಕಿ, ಉದ್ದ ಬಿಟ್ಟು ಬೆಸೆದು, ಚಾಸಿಸ್ಸಿನ ಅಂಚಿಗೆ ಕಟ್ಟಿಡಿ.

105 ಡಿಗ್ರಿ, 450 ವೋಲ್ಟಿನದ್ದು ತನ್ನಿ. ಎಲೆಕ್ಟ್ರೊಲಿಟಿಕ್‌ಗೆ (ಎಚ್‌ಟಿಗೆ ಹಾಕುವ ಈ ಬಗೆಯ ಕೆಪಾಸಿಟರಿಗೆ) ಪ್ರತಿ 10 ಡಿಗ್ರಿ ಇಳಿದರೆ ಆಯುಸ್ಸು ಸುಮಾರು ಎರಡರಷ್ಟಾಗುತ್ತದೆ ಎಂಬುದು ಎಲ್ಲರೂ ನಂಬುವ ಲೆಕ್ಕ. 2000 ಗಂಟೆಯ ಕೆಪಾಸಿಟರ್ 65 ಡಿಗ್ರಿಯಲ್ಲಿ ಕೂತಿದ್ದರೆ, 85 ಡಿಗ್ರಿಯ ಮಾದರಿಗೆ 8000 ಗಂಟೆ, 105ರದಕ್ಕೆ 32,000. ಬೆಲೆಯ ವ್ಯತ್ಯಾಸ ಕೆಲವೇ ರೂಪಾಯಿ.

‘ದೊಡ್ಡದು ಹಾಕಿದರೆ ಹಮ್ ಹೋಗ್ತದೆ’ ಎಂದು 32 ಮೈಕ್ರೊಫ್ಯಾರಡ್ ಇದ್ದ ಕಡೆ 220 ಹಾಕುವುದು ಇನ್ನೊಂದು ರೋಗ. ವಾಲ್ವ್ ರೆಕ್ಟಿಫೈಯರಿನ ಮೊದಲ ಕೆಪಾಸಿಟರಿಗೆ ಮಿತಿಯಿದೆ: ಇಝೆಡ್ 81ಕ್ಕೆ 50, ಜಿಝೆಡ್ 34ಕ್ಕೆ 60 ಮೈಕ್ರೊಫ್ಯಾರಡ್. ಮೀರಿದರೆ ಕರೆಂಟು ಸಣ್ಣ ಸಣ್ಣ ಜೋರು ಏಟುಗಳಾಗಿ ಹರಿದು ರೆಕ್ಟಿಫೈಯರ್, ಟ್ರಾನ್ಸ್‌ಫಾರ್ಮರ್ ಎರಡೂ ಕಾಯುತ್ತವೆ.

ಮೇಣ ಸುರಿದ ಕಾಗದದ ಕಪ್ಲಿಂಗ್ ಕೆಪಾಸಿಟರುಗಳನ್ನು ನಮ್ಮ ಹವೆಯಲ್ಲಿ ಪರೀಕ್ಷಿಸಿ ಸಮಯ ಕಳೆಯಬೇಕಿಲ್ಲ. ಎಲ್ಲವನ್ನೂ ತೆಗೆದು 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕಿ.

## ಹಂತ 4: ಗ್ರಿಡ್ಡಿನಲ್ಲಿ ಸೋರಿಕೆ ಇದೆಯೇ?

100 ವ್ಯಾಟಿನ ಸೀರೀಸ್ ಬಲ್ಬು ಹಾಕಿ, ಸ್ಪೀಕರ್ ಅಥವಾ ಲೋಡ್ ಜೋಡಿಸಿ, ವಾಲ್ವ್ ಎಲ್ಲ ಹಾಕಿ ಕರೆಂಟ್ ಕೊಡಿ. ಮೀಟರಿನ ಕಪ್ಪು ಪ್ರೋಬ್ ಚಾಸಿಸ್‌ಗೆ, ಕೆಂಪು ಪ್ರೋಬ್ ಔಟ್‌ಪುಟ್ ವಾಲ್ವಿನ ಕಂಟ್ರೋಲ್ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ). ಇಎಲ್ 84ರಲ್ಲಿ ಅದು 2ನೇ ಪಿನ್, 6ವಿ6, 6ಎಲ್6, ಇಎಲ್ 34ರಲ್ಲಿ 5ನೇ ಪಿನ್. ಕ್ಯಾಥೋಡ್ ಬಯಾಸಿನ (ಕ್ಯಾಥೋಡಿಗೆ ಹಾಕಿದ ರೆಸಿಸ್ಟರಿನಿಂದಲೇ ಬಯಾಸ್ ಸಿಗುವ) ಸೆಟ್ಟಿನಲ್ಲಿ ಇಲ್ಲಿ ಸೊನ್ನೆ ಇರಬೇಕು. ಅರ್ಧ ವೋಲ್ಟ್ ಪಾಸಿಟಿವ್ ಬಂದರೂ ವಾಲ್ವ್ ಬೇಡದ ಕರೆಂಟ್ ಎಳೆಯುತ್ತಿದೆ ಎಂದರ್ಥ.

ತಪ್ಪು ಯಾರದ್ದು? ಆಫ್ ಮಾಡಿ, ಆ ವಾಲ್ವನ್ನು ಕಿತ್ತು, ಬಲ್ಬಿನ ಮೂಲಕವೇ ಮತ್ತೆ ಅಳೆಯಿರಿ. ವೋಲ್ಟೇಜ್ ಹಾಗೇ ಇದ್ದರೆ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ಮಾಯವಾದರೆ ವಾಲ್ವಿನೊಳಗೇ ಗ್ಯಾಸ್ ಇದೆ, ಅಂಥದ್ದು ಬಿಸಿಯಾದಷ್ಟೂ ಹೆಚ್ಚು ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ.

ಕೋಣೆಯ ದೀಪ ಆರಿಸಿ, ವಾಲ್ವಿನೊಳಗೆ ಹೊರಸುತ್ತಿನಲ್ಲಿರುವ ಲೋಹದ ಪ್ಲೇಟನ್ನು ನೋಡಿ. ಹೀಟರಿನ ಕಿತ್ತಳೆ ಬೆಳಕು ಒಳಗಿನಿಂದ ಇಣುಕುವುದು ಸರಿ. ಬೂದುಬಣ್ಣದ ಲೋಹದ ಪ್ಲೇಟಿನ ಮೈಯ ಮೇಲೆ ಮಂಕಾದ ಕೆಂಪು ಕಲೆ ಮೂಡಿ ಹರಡತೊಡಗಿದರೆ ಕೂಡಲೇ ಆಫ್.

## ಹಂತ 5: ವಾಲ್ವ್ ಎಷ್ಟು ವ್ಯಾಟ್ ಉರಿಸುತ್ತಿದೆ, ಲೆಕ್ಕ ಹಾಕಿ

ಬಲ್ಬು ತೆಗೆದು ನೇರ ಮೈನ್ಸಿನಲ್ಲಿ ಹತ್ತು ನಿಮಿಷ ಬಿಟ್ಟು ಅಳೆಯಿರಿ. ಉದಾಹರಣೆಗೆ ಎರಡು ಇಎಲ್ 84ಕ್ಕೆ ಸೇರಿ ಒಂದೇ 130 ಓಮಿನ ಕ್ಯಾಥೋಡ್ ರೆಸಿಸ್ಟರ್ ಇದೆ ಎನ್ನಿ. ಅದರ ಮೇಲೆ 13 ವೋಲ್ಟ್ ಬಂತು. 13 ಭಾಗಿಸು 130, ಅಂದರೆ 100 ಮಿಲಿಆಂಪಿಯರ್, ಒಂದೊಂದಕ್ಕೆ 50. ಸ್ಕ್ರೀನಿನ (ವಾಲ್ವಿನ ಎರಡನೇ ಗ್ರಿಡ್) ಪಾಲು ಸುಮಾರು 5 ಕಳೆದರೆ ಪ್ಲೇಟಿಗೆ 45. ಪ್ಲೇಟಿನಲ್ಲಿ 300 ವೋಲ್ಟ್ ಇದ್ದರೆ ಕ್ಯಾಥೋಡಿನ 13 ಕಳೆದು 287. ಗುಣಿಸಿದರೆ 12.9 ವ್ಯಾಟ್. ಇಎಲ್ 84ರ ಮಿತಿ 12.

ಉಳಿದವಕ್ಕೆ: 6ವಿ6ಕ್ಕೆ 12, ಇಎಲ್ 34ಕ್ಕೆ 25, 6ಎಲ್6ಜಿಸಿಗೆ 30. ಇಲ್ಲೊಂದು ಮೋಸವಿದೆ. ಹಳೇ 6ಎಲ್6ಜಿಯ ಮಿತಿ 19 ಮಾತ್ರ. ಗಾಜಿನ ಮೇಲಿನ ಕೊನೆಯ ಅಕ್ಷರ ಅಳಿಸಿಹೋಗಿದ್ದರೆ ಕಡಿಮೆಯದ್ದೇ ಎಂದು ಹಿಡಿಯಿರಿ.

ಲೆಕ್ಕಕ್ಕೆ ಮುಂಚೆ ಸೆಟ್ ಆಫ್ ಮಾಡಿ ಆ ರೆಸಿಸ್ಟರಿನ ನಿಜವಾದ ಬೆಲೆ ಅಳೆದಿರಬೇಕು, ಮೈಮೇಲಿನ ಬಣ್ಣದ ಪಟ್ಟಿ ನಂಬಬೇಡಿ. ಟ್ಯಾಪ್ ಸರಿಯಿದ್ದೂ ಮಿತಿ ಮೀರಿದರೆ 130ರ ಬದಲು 150 ಓಮ್ ಹಾಕಿ ಮತ್ತೆ ಅಳೆಯಿರಿ. ಮಿತಿಯ ಶೇ 85–90ರಲ್ಲಿ ನಿಂತರೆ ನನಗೆ ಸಮಾಧಾನ. ಧ್ವನಿಯಲ್ಲಿ ವ್ಯತ್ಯಾಸ ಕೇಳಿಸುತ್ತದೆ ಎನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ.

ಬಿಸಿ ಕಡಿಮೆಯಾಗಲಿ ಎಂದು 5ಯು4 ರೆಕ್ಟಿಫೈಯರ್ ವಾಲ್ವ್ ಕಿತ್ತು ಸಿಲಿಕಾನ್ ಡಯೋಡ್ ಹಾಕುವ ಚಾಳಿಯೂ ಇದೆ. 5ಯು4ರ ಹೀಟರ್ ಒಂದೇ 5 ವೋಲ್ಟ್, 3 ಆಂಪಿಯರ್, ಅಂದರೆ 15 ವ್ಯಾಟ್ ತಿನ್ನುವುದು ನಿಜ. ಆದರೆ ಅದು ತನ್ನೊಳಗೆ ಕಳೆದುಕೊಳ್ಳುತ್ತಿದ್ದ ಹತ್ತಾರು ವೋಲ್ಟ್ ಈಗ ಎಚ್‌ಟಿಗೆ ಸೇರಿ ಔಟ್‌ಪುಟ್ ವಾಲ್ವನ್ನು ಸುಡುತ್ತದೆ. ಮೂಲ ರೆಕ್ಟಿಫೈಯರ್ ವಾಲ್ವ್ ಸಿಗುತ್ತಿರುವಷ್ಟು ಕಾಲ ಆ ವಾಲ್ವನ್ನೇ ಉಳಿಸಿಕೊಳ್ಳಿ.

## ಹಂತ 6: ಕಾಯುವ ರೆಸಿಸ್ಟರುಗಳು

ಹಳೇ ಕಾರ್ಬನ್ ರೆಸಿಸ್ಟರಿನ ಬೆಲೆ ಬಿಸಿ ಮತ್ತು ತೇವದಿಂದ ಮೇಲೇರುತ್ತದೆ. ಶೇ 20 ದಾಟಿದ್ದನ್ನೆಲ್ಲ ಬದಲಿಸಿ. ಪ್ರತಿ ರೆಸಿಸ್ಟರಿನ ವ್ಯಾಟ್ ಲೆಕ್ಕ ಹಾಕಿ, ಕನಿಷ್ಠ ಎರಡು ಪಟ್ಟಿನದ್ದು ಹಾಕಿ. ಮೇಲಿನ ಉದಾಹರಣೆಯ ಕ್ಯಾಥೋಡ್ ರೆಸಿಸ್ಟರ್ 1.3 ವ್ಯಾಟ್ ಉರಿಸುತ್ತದೆ, ಅಲ್ಲಿಗೆ 5 ವ್ಯಾಟಿನ ವೈರ್‌ವೂಂಡ್ ತಕ್ಕದ್ದು.

ಒಂದು ಸೂಕ್ಷ್ಮ. ಈಗಿನ 2 ವ್ಯಾಟಿನ ಮೆಟಲ್ ಆಕ್ಸೈಡ್ ರೆಸಿಸ್ಟರ್ ಹಳೇದರ ಅರ್ಧದಷ್ಟೂ ಇರುವುದಿಲ್ಲ. ಅಷ್ಟೇ ವ್ಯಾಟ್, ಕಡಿಮೆ ಮೈ, ಹಾಗಾಗಿ ಮೈ ಸುಡುವುದು ಹೆಚ್ಚು. ಅದಕ್ಕೇನೂ ಆಗದು, ಪಕ್ಕದವರಿಗೆ ಆಗುತ್ತದೆ. ‘ಹಳೇದೂ ಇಲ್ಲೇ ಇತ್ತು, ಏನೂ ಆಗಿರಲಿಲ್ಲ’ ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ಟ್ಯಾಗ್ ಬೋರ್ಡಿನಿಂದ (ಭಾಗಗಳನ್ನು ಬೆಸೆಯುವ ಹಲಗೆ) ಒಂದು ಸೆಂಟಿಮೀಟರ್ ಎತ್ತರಿಸಿ ಬೆಸೆಯಿರಿ. ಕೆಳಗಿನ ಬೋರ್ಡು ಕಂದಾಗಿದ್ದರೆ ಹೊಸದನ್ನು ಅದೇ ಜಾಗದಲ್ಲಿ ಕೂರಿಸಬೇಡಿ.

## ಹಂತ 7: ಈಗ ಕೆಪಾಸಿಟರಿಗೆ ಜಾಗ ಹುಡುಕಿ

ಸೆಟ್ ರಿಪೇರಿಯಾಗುವಾಗ ಮೇಜಿನ ಮೇಲೆ ಅಂಗಾತ ಬಿದ್ದಿರುತ್ತದೆ. ಆಗ ರೆಸಿಸ್ಟರಿನ ಕೆಳಗೆ ತಣ್ಣಗೆ ಕೂತಂತೆ ಕಾಣುವ ಕೆಪಾಸಿಟರ್, ಸೆಟ್ಟನ್ನು ತಿರುಗಿಸಿ ಇಟ್ಟೊಡನೆ ಅದೇ ರೆಸಿಸ್ಟರಿನ ನೆತ್ತಿಗೆ ಬರುತ್ತದೆ. ಬಿಸಿಗಾಳಿ ಮೇಲಕ್ಕೇ ಏರುವುದು. ಸೆಟ್ ನಿಜವಾಗಿ ಯಾವ ಭಂಗಿಯಲ್ಲಿ ಓಡುತ್ತದೋ ಆ ಭಂಗಿಯಲ್ಲಿ ಎತ್ತಿ ಹಿಡಿದು, ಯಾವುದರ ಮೇಲೆ ಯಾವುದಿದೆ ಎಂದು ಚಾಸಿಸ್ಸಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಎರಡು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಒಂದು ವ್ಯಾಟ್ ದಾಟಿ ಉರಿಸುವ ಯಾವ ರೆಸಿಸ್ಟರಿನಿಂದಲೂ ಎಲೆಕ್ಟ್ರೊಲಿಟಿಕ್ ಎರಡು ಸೆಂಟಿಮೀಟರ್ ದೂರ ಇರಲಿ, ನೇರ ಮೇಲಂತೂ ಬೇಡವೇ ಬೇಡ. ಹೆಚ್ಚು ಸಾಯುವುದು ಎಚ್‌ಟಿಯ ದೊಡ್ಡ ಡಬ್ಬಿಯಲ್ಲ, ಔಟ್‌ಪುಟ್ ವಾಲ್ವಿನ ಕ್ಯಾಥೋಡಿನಲ್ಲಿರುವ 25 ಅಥವಾ 50 ಮೈಕ್ರೊಫ್ಯಾರಡಿನ ಪುಟ್ಟ ಕೆಪಾಸಿಟರ್. ಸರ್ಕ್ಯೂಟಿನ ನಕ್ಷೆಯಲ್ಲಿ ರೆಸಿಸ್ಟರಿನ ಪಕ್ಕದಲ್ಲೇ ಬರೆದಿರುತ್ತಾರೆ ಎಂದು ಜನ ಅದನ್ನು ನಿಜವಾಗಿಯೂ ರೆಸಿಸ್ಟರಿಗೆ ಅಂಟಿಸಿ ಕೂರಿಸುತ್ತಾರೆ. ಮೂರು ಸೆಂಟಿಮೀಟರ್ ವೈರ್ ಎಳೆದು ಆಚೆ ಇಟ್ಟರೆ ಕೆಲಸದಲ್ಲಿ ಏನೂ ವ್ಯತ್ಯಾಸವಾಗದು.

ಗ್ಲೂ ಗನ್ನಿನ ಅಂಟು ಬಿಸಿಗೆ ಮೆತ್ತಗಾಗಿ ಕೆಪಾಸಿಟರ್ ಜಾರುತ್ತದೆ. ಕ್ಲಾಂಪ್ ಉತ್ತಮ. ಸಿಲಿಕೋನ್ ಹಾಕುವುದಾದರೆ ವಿನೆಗರ್ ವಾಸನೆ ಬಾರದ ನ್ಯೂಟ್ರಲ್ ತನ್ನಿ, ವಾಸನೆಯದ್ದು ತಾಮ್ರವನ್ನು ತಿನ್ನುತ್ತದೆ.

## ಹಂತ 8: ವೈರು, ಸಾಕೆಟ್ಟು, ಬೆಸುಗೆ

ಸಾಮಾನ್ಯ ಪಿವಿಸಿ ವೈರ್ 70–80 ಡಿಗ್ರಿಗೆ ಮೆತ್ತಗಾಗುತ್ತದೆ. ವಾಲ್ವ್ ಸಾಕೆಟ್ಟಿನ ಬಳಿ ಟೆಫ್ಲಾನ್ ಹಾಕಿ. ಟ್ರಾನ್ಸ್‌ಫಾರ್ಮರಿನಿಂದ ಬರುವ ರಬ್ಬರ್ ವೈರು ಬಾಗಿಸಿದರೆ ಪುಡಿಯಾಗುತ್ತಿದ್ದರೆ, ಬಾಗಿಸದೆ ನೇರ ಫೈಬರ್‌ಗ್ಲಾಸ್ ಸ್ಲೀವ್ ತೂರಿಸಿ.

ಆಕ್ಟಲ್ (ಎಂಟು ಪಿನ್ನಿನ) ಸಾಕೆಟ್ಟಿನಲ್ಲಿ 2 ಮತ್ತು 3ನೇ ಪಿನ್ನಿನ ನಡುವೆ ಟಾರ್ಚ್ ಬಿಟ್ಟು ನೋಡಿ. ಒಂದು ಹೀಟರ್, ಪಕ್ಕದ್ದೇ ಪ್ಲೇಟ್. ಬೇಕಲೈಟಿನ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಕರೆಂಟ್ ಹರಿದ ದಾರಿ. ಕೆರೆದು ಉಳಿಸಲು ಹೋಗದೆ ಸೆರಾಮಿಕ್ ಸಾಕೆಟ್ ಹಾಕಿ.

25 ವ್ಯಾಟಿನ ಐರನ್ನನ್ನು ಚಾಸಿಸ್ ಗ್ರೌಂಡಿಗೆ ಅರ್ಧ ನಿಮಿಷ ಒತ್ತಿಹಿಡಿಯುವುದಕ್ಕಿಂತ 60 ವ್ಯಾಟಿನದ್ದರಲ್ಲಿ ಮೂರು ಸೆಕೆಂಡಿಗೆ ಮುಗಿಸುವುದು ಭಾಗಗಳಿಗೆ ಕ್ಷೇಮ. ಕೆಪಾಸಿಟರಿನ ಕಾಲನ್ನು ಬೆಸೆಯುವಾಗ ಮೈಗೂ ಬೆಸುಗೆಗೂ ನಡುವೆ ಮೊಸಳೆ ಕ್ಲಿಪ್ ಸಿಕ್ಕಿಸಿ. ಸಣ್ಣ ಒಂಬತ್ತು ಪಿನ್ನಿನ ಸಾಕೆಟ್ಟಿಗೆ ಬೆಸೆಯುವಾಗ ಕೆಟ್ಟುಹೋದ ವಾಲ್ವೊಂದನ್ನು ಅದಕ್ಕೆ ತೂರಿಸಿಡಿ, ಪಿನ್ನು ಓರೆಯಾಗುವುದಿಲ್ಲ.

## ಹಂತ 9: ಗಾಳಿ

ಕೆಳಗಿನಿಂದ ಗಾಳಿ ಬರಬೇಕು, ಮೇಲಿನಿಂದ ಹೋಗಬೇಕು. ನಾಲ್ಕು ಎತ್ತರದ ರಬ್ಬರ್ ಕಾಲು ಹಾಕಿ, ಮೇಲೆ ಒಂದು ಗೇಣು ಜಾಗ ಬಿಡಿ. ಗೋಡೆಗೂಡು, ಗಾಜಿನ ಶೋಕೇಸ್, ಕ್ರೋಶಾ ಕವರ್ ಇವು ಆಫ್ ಆಗಿರುವಾಗಿನ ಅಲಂಕಾರ. ಮುಂಗಾರಿನ ಶುರುವಿನಲ್ಲಿ ರೆಕ್ಕೆಯ ಮಳೆಹುಳ ವಾಲ್ವಿನ ಬೆಳಕಿಗೆ ಮುತ್ತುತ್ತವೆ ಎಂದು ಸೊಳ್ಳೆಪರದೆಯ ಜಾಲರಿ ಹಾಕುವುದುಂಟು. ಹಾಕಿ, ಆದರೆ ಕಿಂಡಿಯನ್ನು ಎರಡು ಪಟ್ಟು ದೊಡ್ಡದು ಮಾಡಿ. ಸತ್ತ ಹುಳವನ್ನು ಬಿಸಿ ಗಾಜಿನ ಮೇಲಿಂದ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಔಟ್‌ಪುಟ್ ವಾಲ್ವಿನ ಗಾಜು 200 ಡಿಗ್ರಿ ದಾಟುವುದೂ ಇದೆ, ಒಂದು ಹನಿಗೆ ಸೀಳುತ್ತದೆ.

ಇಷ್ಟಾದರೂ ಚಾಸಿಸ್ಸಿನ ಅಡಿ ಕಾಯುತ್ತಿದ್ದರೆ ಆಗ ಫ್ಯಾನ್. ಕಂಪ್ಯೂಟರಿನ 80 ಮಿಲಿಮೀಟರ್, 12 ವೋಲ್ಟಿನದನ್ನು ಬೇರೆ ಅಡಾಪ್ಟರಿನಿಂದ 7–9 ವೋಲ್ಟಿನಲ್ಲಿ ಓಡಿಸಿದರೆ ಸದ್ದೇ ಇರದು. ಅದರ ಗಾಳಿ ಕೆಪಾಸಿಟರುಗಳ ಕಡೆ ಹೋಗಲಿ.

## ಹಂತ 10: ಮುಚ್ಚಳ ಹಾಕಿ ಅಳೆಯಿರಿ

ಬಿಚ್ಚಿಟ್ಟು ಅಳೆದ ಉಷ್ಣಾಂಶಕ್ಕೆ ಅರ್ಥವಿಲ್ಲ. ಮುಚ್ಚಳ ಹಾಕಿ ಎರಡು ಗಂಟೆ ಹಾಡಿಸಿ, ತೆಗೆದ ಕೂಡಲೇ ಅಳೆಯಿರಿ. ಹೊಳೆಯುವ ಅಲ್ಯುಮಿನಿಯಂ ಮೇಲೆ ಇನ್‌ಫ್ರಾರೆಡ್ ಸುಳ್ಳು ಹೇಳುತ್ತದೆ, 70 ಡಿಗ್ರಿಯ ಡಬ್ಬಿಯನ್ನು 40 ಎಂದುಬಿಡಬಹುದು. ಅಳೆಯುವ ಜಾಗಕ್ಕೆಲ್ಲ ಮೊದಲೇ ಮಾಸ್ಕಿಂಗ್ ಟೇಪಿನ ತುಂಡು ಅಂಟಿಸಿರಿ. ಮಲ್ಟಿಮೀಟರಿನ ಥರ್ಮೊಕಪಲ್ ತಂತಿಯನ್ನು ಕರೆಂಟಿರುವಾಗ ಒಳಗೆ ತೂರಿಸಬೇಡಿ, ಅದರ ತುದಿ ಬರಿ ಲೋಹ.

ಎಲೆಕ್ಟ್ರೊಲಿಟಿಕ್ 60 ದಾಟಬಾರದು, ಟ್ರಾನ್ಸ್‌ಫಾರ್ಮರಿನ ಹೊರಮೈ 70 ದಾಟಬಾರದು. ಸುಟ್ಟ ಮೇಣದ ವಾಸನೆ, ಹೆಚ್ಚುತ್ತ ಹೋಗುವ ಹಮ್, ಟ್ರಾನ್ಸ್‌ಫಾರ್ಮರಿನಿಂದ ಕರಿ ಡಾಂಬರು ಇಳಿಯುವುದು, ವಾಲ್ವಿನೊಳಗೆ ನೀಲಿ ಮಿಂಚು, ಇವುಗಳಲ್ಲಿ ಯಾವುದು ಕಂಡರೂ ಅಳತೆ ಮುಗಿಸುವ ಹಟ ಬೇಡ, ಪ್ಲಗ್ ಕೀಳಿ. ಗಾಜಿನ ಗೋಡೆಗೆ ಅಂಟಿದಂಥ ತೆಳು ನೀಲಿ ಹೊಳಪಿಗೆ ಮಾತ್ರ ಹೆದರಬೇಕಿಲ್ಲ.

ಋತುವಿನ ಲೆಕ್ಕವನ್ನೂ ಸೇರಿಸಿ. ಆಗುಂಬೆ ಕಡೆ ಜುಲೈಯಲ್ಲಿ ಕೋಣೆ 22 ಡಿಗ್ರಿ ಇರುವಾಗ ಕೆಪಾಸಿಟರ್ 55 ತೋರಿಸಿದರೆ ಪಾಸಾದಂತೆ ಕಾಣುತ್ತದೆ. ಅದೇ ಸೆಟ್ ಏಪ್ರಿಲಿನಲ್ಲಿ ಶಿವಮೊಗ್ಗದ ಹಂಚಿನ ಮನೆಯ 36 ಡಿಗ್ರಿಯಲ್ಲಿ 69ಕ್ಕೆ ಹೋಗುತ್ತದೆ. ಕೋಣೆಯ ಉಷ್ಣಾಂಶ ಕಳೆದು, ಏರಿಕೆಯನ್ನಷ್ಟೇ ಬರೆದಿಟ್ಟುಕೊಳ್ಳಿ, ಅದಕ್ಕೆ 36 ಕೂಡಿಸಿ ನೋಡಿ. ಮೀರಿದರೆ ಹಂತ 7ಕ್ಕೆ ವಾಪಸ್.

ಎಲ್ಲ ಸರಿಬಂದ ಮೇಲೆ ಕ್ಯಾಥೋಡ್ ವೋಲ್ಟೇಜ್, ಎಚ್‌ಟಿ, ಮೈನ್ಸ್ ಟ್ಯಾಪ್ ಮತ್ತು ಆ ಏರಿಕೆಯ ಅಂಕಿಗಳನ್ನು ಚೀಟಿಯಲ್ಲಿ ಬರೆದು ಹಿಂಬದಿಯ ಹಲಗೆಯ ಒಳಮೈಗೆ ಅಂಟಿಸಿ. ಮಳೆಗಾಲದಲ್ಲಿ ಸೆಟ್ಟನ್ನು ಸುಮ್ಮನೆ ಮುಚ್ಚಿಡದೆ ವಾರಕ್ಕೊಮ್ಮೆ ಒಂದು ಗಂಟೆ ಹಚ್ಚಿ, ಟ್ರಾನ್ಸ್‌ಫಾರ್ಮರ್ ಮತ್ತೆ ತೇವ ಕುಡಿಯುವುದಿಲ್ಲ.